[ಪದಚರ್ಚೆ] ಹಳೆ ಮನೆಯ ಬೋರ್ಡಿಗೆ ಹೆಸರು ಬೇಕು, ಗುರುವಾರದೊಳಗೆ

ಗೆಳೆಯರೇ,
ತುರ್ತಾಗಿ ಒಂದು ಪದ ಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಊರಲ್ಲಿ ಒಂದು ತೊಟ್ಟಿ ಮನೆಯನ್ನು ಕೆಡವದೆ ಉಳಿಸಿಕೊಂಡಿದ್ದೇವೆ. ಉಪ್ಪರಿಗೆಯಲ್ಲಿ ಕೊಳಗ, ಸೇರು, ಮಳೆಗೆ ಹೊದೆಯುವ ಗೊರಬು, ಕಡೆಗೋಲು ಜೋಡಿಸಿಟ್ಟಿದ್ದೇವೆ. ಕೆಳಗೆ ಜಗಲಿಯಲ್ಲಿ ಸ್ವಸಹಾಯ ಸಂಘದ ಮೀಟಿಂಗು, ಭಾನುವಾರ ತಾಳಮದ್ದಳೆ. ಎಲ್ಲ ಸೇರಿಸಿ ಇದನ್ನು ಏನಂತ ಕರೆಯೋದು? ಬೋರ್ಡ್ ಬರೆಯುವವರು ಗುರುವಾರ ಬರುತ್ತಾರೆ. 'ಪಾರಂಪರಿಕ ವಸ್ತುಸಂಗ್ರಹಾಲಯ ಮತ್ತು ಸಮುದಾಯ ಭವನ' ಅಂತ ಬರೆದು ತೋರಿಸಿದೆ. 'ಇದಕ್ಕೆ ಇನ್ನೊಂದು ಹಲಗೆ ಬೇಕು ಸಾರ್' ಅಂದರು.
– ರಾ.

---
> ಸಮುದಾಯ ಭವನ

ಮೊದಲು ಇದನ್ನು ತೆಗೆಯಿರಿ. ಬೋರ್ಡ್ ಹಾಕಿದ ಮಾರನೇ ದಿನವೇ ಮದುವೆಗೆ ಬಾಡಿಗೆ ಎಷ್ಟು ಅಂತ ಫೋನ್ ಬರುತ್ತೆ.

'ಚಾವಡಿ' ಅನ್ನಿ. ಕರಾವಳಿಯ ಗುತ್ತಿನ ಮನೆಗಳಲ್ಲಿ, ಅಂದರೆ ಊರಿನ ಹಳೇ ಯಜಮಾನರ ದೊಡ್ಡ ಮನೆಗಳಲ್ಲಿ, ಹತ್ತು ಜನ ಕೂತು ಮಾತಾಡುವ ಜಾಗಕ್ಕೆ ಇವತ್ತಿಗೂ ಅದೇ ಹೆಸರು. ಇಂಗ್ಲಿಷರು ದಕ್ಷಿಣದವರ ಬಾಯಲ್ಲಿ 'ಚಾವಡಿ' ಕೇಳಿ 'ಚೌಲ್ಟ್ರಿ' ಮಾಡಿಕೊಂಡರು. ನಾವು ಅದನ್ನೇ ವಾಪಸ್ ತಂದು, ಅಡ್ವಾನ್ಸ್ ಕೊಟ್ಟು, ಚೌಲ್ಟ್ರಿ ಬುಕ್ ಮಾಡ್ತಿದ್ದೇವೆ! ಇದನ್ನು ನಾನು ಈ ಗುಂಪಿನಲ್ಲಿ ನಾಲ್ಕನೇ ಸಲ ಬರೆಯುತ್ತಿದ್ದೇನೆ.
– ಗಿ.

---
ಚಾವಡಿ ಬೇಡ. ನಮ್ಮ ಕಡೆ ಅದು ಕಂದಾಯ ಕಟ್ಟುವ ಜಾಗ. ನಮ್ಮಜ್ಜ ಚಾವಡಿ ಅಂದರೆ ದಾರಿ ಬದಲಿಸುತ್ತಿದ್ದರು.

'ಪಾರಂಪರಿಕ'ವೂ ಬೇಡ. ಪರಂಪರೆ ಗುರುವಿನಿಂದ ಶಿಷ್ಯನಿಗೆ ಬರುತ್ತೆ, ಗೋಡೆಯಿಂದ ಗೋಡೆಗಲ್ಲ. 'ಆಲಯ' ಮೈಸೂರಿನ ಜಯಲಕ್ಷ್ಮೀವಿಲಾಸಕ್ಕೆ ಒಪ್ಪುತ್ತೆ. ಅದು 1905ರಲ್ಲಿ ಕಟ್ಟಿದ ಅರಮನೆ, 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆಯಿತು. ನಿಮ್ಮದು ಹಂಚಿನ ಮನೆ.
– ವೀ.

---
ಸುಮ್ನೆ ಮ್ಯೂಸಿಯಂ ಅನ್ನಿ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಶುರುವಾಗಿದ್ದು 1865ರಲ್ಲಿ. ಇಷ್ಟು ವರ್ಷದಲ್ಲಿ ಯಾರಾದರೂ ಆಟೋದವರಿಗೆ 'ವಸ್ತುಸಂಗ್ರಹಾಲಯ ರಸ್ತೆ' ಅಂದಿದ್ದು ಕೇಳಿದ್ದೀರಾ? 'ಪುರಭವನ'ದ ಕಥೆಯೂ ಅಷ್ಟೇ. ಹೆಸರು ಆಹ್ವಾನ ಪತ್ರಿಕೆಯಲ್ಲಿ, ಜನ ಟೌನ್ ಹಾಲಿನಲ್ಲಿ.
– ಶಾ.

---
ಹಾಗಾದರೆ ಕನ್ನಡ ಯಾಕೆ, ಬೋರ್ಡೆಲ್ಲ ಇಂಗ್ಲಿಷಲ್ಲೇ ಬರೆಸಿ. ಮದರಾಸಿನ ಜನ ಮ್ಯೂಸಿಯಮ್ಮಿಗೆ 'ಸೆತ್ತ ಕಾಲೇಜು' ಅಂತಿದ್ದರು, ಅಂದರೆ ಸತ್ತ ಕಾಲೇಜು. ಮೃಗಾಲಯಕ್ಕೆ 'ಉಯಿರ್ ಕಾಲೇಜು', ಜೀವ ಇರುವ ಕಾಲೇಜು. ಯಾವ ಪಂಡಿತರನ್ನೂ ಕೇಳದೆ ಕಟ್ಟಿದ ಪದ. ಪಕ್ಕದ ಮನೆಗೆ ಉಪ್ಪು ಕೇಳಲು ಹೋಗುವ ಮುಂಚೆ ನಮ್ಮ ಭರಣಿ ತೆಗೆದು ನೋಡಬೇಕು, ಅಲ್ವಾ?
– ಗಿ.

---
> ಯಾವ ಪಂಡಿತರನ್ನೂ ಕೇಳದೆ

'ಕಾಲೇಜು' ಯಾರ ಭರಣಿಯದು?
– ಶಾ.

---
ಎಲ್ಲರಿಗೂ ವಂದನೆ. ಜಗಳ ಓದುತ್ತಾ ಓದುತ್ತಾ ಬುಧವಾರ ಆಯಿತು.

ಕುಪ್ಪಳಿ ನಮಗೆ ಹತ್ತಿರ. ಕುವೆಂಪು ಬೆಳೆದ ಮನೆಯೊಳಗೂ ಹಳೆ ಪಾತ್ರೆ, ಬೇಸಾಯದ ಸಾಮಾನು ಇಟ್ಟಿದ್ದಾರೆ. ಅದೂ ಮ್ಯೂಸಿಯಮ್ಮೇ. ಆದರೆ ಎಲ್ಲರ ಬಾಯಲ್ಲಿ 'ಕವಿಮನೆ'. ಅದಕ್ಕೇ ದೊಡ್ಡಕ್ಷರದಲ್ಲಿ 'ಊರ ಮನೆ' ಅಂತ ಹಾಕಿಸುತ್ತಿದ್ದೇವೆ. ಕೆಳಗೆ ಸಣ್ಣದಾಗಿ 'ಹಳೆ ಸಾಮಾನಿನ ಮ್ಯೂಸಿಯಂ, ಕೂಟದ ಜಗಲಿ'. ಶಾ. ಅವರಿಗೂ ಒಂದು ಪದ ಸಿಕ್ಕಿತು, ಗಿ. ಅವರು ಕ್ಷಮಿಸಬೇಕು.

ಕೊನೆಯದಾಗಿ, 'ಊರ ಮನೆ' ಬಿಡಿಸಿ ಬರೆಯಬೇಕೋ, ಕೂಡಿಸಿಯೋ?
– ರಾ.

---
ಕೂಡಿಸಿ. ಅರಮನೆಯನ್ನು ಯಾರಾದರೂ ಬಿಡಿಸಿ ಬರೀತಾರಾ?
– ವೀ.