ಏರೋಸಾಲ್‌ಗೆ ‘ತೇಲುಹನಿ’ ಒಪ್ಪುತ್ತಾ? ‘ಒಳಾಂಗಣ’ಕ್ಕೆ ಬದಲು ಏನು?

ಗೆಳೆಯರೇ,

ಉಸಿರಾಟದ ವೈರಸ್‌ಗಳು ಹೇಗೆ ಹರಡುತ್ತವೆ ಅಂತ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬರಹ ನಿಂತುಬಿಟ್ಟಿದೆ.

ಮೊದಲನೆಯದು ಏರೋಸಾಲ್, ಅಂದರೆ ಉಸಿರಿನ ಜೊತೆ ಹೊರಬಂದು ಗಾಳಿಯಲ್ಲಿ ತೇಲುವ ತೀರಾ ಸಣ್ಣ ಹನಿ. ಡ್ರಾಪ್ಲೆಟ್‌ಗೇನೋ ‘ಹನಿ’ ಸಾಕು. ಸೀನಿದಾಗ ಸಿಡಿಯುವ ದಪ್ಪ ಹನಿ ಅದು. 100 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಹನಿ ಬಾಯಿಯ ಎತ್ತರದಿಂದ ಐದಾರು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 5 ಮೈಕ್ರಾನಿನದು ಹಾಗಲ್ಲ, ಗಾಳಿ ಅಲುಗದ ಕೋಣೆಯಲ್ಲಿ ಅರ್ಧ ಗಂಟೆ ಹೊತ್ತು ಇಳಿಯುತ್ತಲೇ ಇರುತ್ತದೆ. ಕೆಮ್ಮಬೇಕು ಅಂತಲೂ ಇಲ್ಲ, ಸುಮ್ನೆ ಮಾತಾಡಿದರೂ ಹೊರಬರುತ್ತದೆ. ಇದನ್ನು ‘ತುಂತುರು’ ಅನ್ನೋಣ ಅಂದರೆ ತುಂತುರು ಮೈ ಒದ್ದೆ ಮಾಡುತ್ತದೆ. ‘ಹಬೆ’ ಅಂದರೆ ಬಿಸಿ ನೆನಪಾಗುತ್ತದೆ. ‘ತೂಗುಸೇತುವೆ’ ಅನ್ನೋ ಪದದ ಹಾಗೆ ‘ತೇಲುಹನಿ’ ಅಂತ ಕಟ್ಟಿಕೊಂಡಿದ್ದೇನೆ. ನಡೆಯುತ್ತಾ?

ಗಾಳಿಯ ಮೂಲಕ ಹರಡುವುದು ಅನ್ನೋ ಅರ್ಥದ ಏರ್‌ಬೋರ್ನ್‌ಗೆ ಪತ್ರಿಕೆಗಳಲ್ಲಿ ಕಾಣುವ ‘ವಾಯುಜನ್ಯ’ ನನಗೆ ಹಿಡಿಸಿಲ್ಲ. ಜನ್ಯ ಅಂದರೆ ಹುಟ್ಟಿದ್ದು, ಅಲ್ವಾ? ವೈರಸ್ ಹುಟ್ಟುವುದು ಗಾಳಿಯಲ್ಲಲ್ಲ, ನಮ್ಮ ಮೂಗು ಗಂಟಲಿನಲ್ಲಿ. ಗಾಳಿ ಅದಕ್ಕೆ ಬರೀ ಸವಾರಿ. ಈ ಪದದಲ್ಲಿ ಎಡವಿದ್ದು ನಾವಷ್ಟೇ ಅಲ್ಲ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿನಲ್ಲಿ ಕೋವಿಡ್ ಏರ್‌ಬೋರ್ನ್ ಅಲ್ಲ ಅಂತ ಖಡಾಖಂಡಿತವಾಗಿ ಹೇಳಿತ್ತು. 2024ರಲ್ಲಿ ಹನಿ ಮತ್ತು ಏರೋಸಾಲ್ ನಡುವೆ ಎಳೆದಿದ್ದ 5 ಮೈಕ್ರಾನಿನ ಗೆರೆಯನ್ನೇ ಬಿಟ್ಟು, ಎಲ್ಲವನ್ನೂ ಸೋಂಕು ಹೊತ್ತ ಉಸಿರಿನ ಕಣ ಅಂತ ಒಂದೇ ಹೆಸರಿನಡಿ ತಂದಿತು. ಹಾಗಿದ್ದರೂ ಬೀಳುವುದಕ್ಕೊಂದು, ತೇಲುವುದಕ್ಕೊಂದು ಪದ ನನಗೆ ಬೇಕೇ ಬೇಕು. ಒಂದಕ್ಕೆ ದೂರ ನಿಂತರೆ ಹೆಚ್ಚುಕಡಿಮೆ ಸಾಕು, ಇನ್ನೊಂದಕ್ಕೆ ಕಿಟಕಿಯನ್ನೂ ತೆರೆಯಬೇಕು.

ಎರಡನೆಯದೇ ಜಾಸ್ತಿ ತಲೆ ತಿನ್ನುತ್ತಿರುವುದು: ಇಂಡೋರ್‌ಗೆ ಬಳಸುವ ‘ಒಳಾಂಗಣ’. ಅಂಗಣ ಅಂದರೆ ಅಂಗಳ. ಹಾಗೆ ನೋಡಿದರೆ ಒಳಾಂಗಣ ಅಂದರೆ ಮನೆಯ ನಡುವೆ ಆಕಾಶ ಕಾಣುವ ಜಾಗ ಆಗಬೇಕು. ವೈರಸ್ಸಿನ ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ ಹೊರಗೇ! ಹೊರಗೆ ಗಾಳಿ ತೇಲುಹನಿಗಳನ್ನು ಚದುರಿಸಿಬಿಡುತ್ತದೆ, ಬಿಸಿಲಿನ ಅತಿನೇರಳೆ ಕಿರಣ ವೈರಸನ್ನು ಕೆಡಿಸುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳಬೇಕು. ದಡಾರದ ವೈರಸ್ಸಂತೂ ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು.

‘ಮನೆಯೊಳಗೆ’ ಅಂದರೆ ಬಸ್ಸು, ಲಿಫ್ಟು, ತರಗತಿ ಹೊರಗುಳಿಯುತ್ತವೆ. ‘ಸೂರಿನಡಿ’ ಅಂದರೆ ಗೋಡೆಯಿಲ್ಲದ ಚಪ್ಪರವೂ ಸೇರಿಕೊಳ್ಳುತ್ತದೆ. ‘ಗಾಳಿಯಾಡದ ಜಾಗ’ ಅಂದರೆ ಕಿಟಕಿ ತೆರೆದಿಟ್ಟ ಕೋಣೆಯನ್ನು ಏನನ್ನಲಿ? ಹೊರಗಿನ ಜಾಗಕ್ಕೆ ‘ಬಯಲು’ ಚೆಂದದ ಪದ. ಆದರೆ ‘ಕೆಮ್ಮು ಬಂದರೆ ಬಯಲಿಗೆ ಹೋಗಿ’ ಅಂತ ಬರೆದಿದ್ದನ್ನು ಓದಿ ಮನೆಯವರೆಲ್ಲ ನಕ್ಕರು, ಅಳಿಸಿದೆ.

ಕೋಣೆಗೂ ಬಸ್ಸಿಗೂ ಒಪ್ಪುವ ಪದ ನಿಮ್ಮ ಬಾಯಲ್ಲಿ ಬಳಕೆಯಲ್ಲಿದ್ದರೆ ತಿಳಿಸಿ. ಹೊಸದಾಗಿ ಕಟ್ಟಿದ್ದಾದರೂ ಆದೀತು.