ಅಟ್ಟದ ಏಣಿಗೆ ಸೀಲಿಂಗ್ ಕತ್ತರಿಸಬೇಕು, ಚೌಕಟ್ಟು ಹೇಗೆ ಕಟ್ಟೋದು?

ಸುತ್ತಿಗೆಮೊಳೆ:
ಡಲ್ಲಾಸ್ ಹತ್ತಿರ ಒಂದಂತಸ್ತಿನ ಹಳೇ ಮನೆ. ಪ್ಯಾಸೇಜಿನ ಸೀಲಿಂಗಿಗೆ ಮಡಚುವ ಮರದ ಏಣಿ ಹಾಕಬೇಕು. ಕಿಂಡಿ 22½ × 54 ಇಂಚು ಬೇಕು ಅಂತ ಡಬ್ಬದ ಮೇಲಿದೆ. ಮೇಲಿರುವುದು 2×6 (ಹೆಸರಿಗೆ 2 ಇಂಚು ದಪ್ಪ, 6 ಇಂಚು ಎತ್ತರದ ಮರ) ಜಾಯಿಸ್ಟ್, ಅಂದರೆ ಸೀಲಿಂಗ್ ಹೊರುವ ಅಡ್ಡತೊಲೆ, ನಡುವಿನಿಂದ ನಡುವಿಗೆ 16 ಇಂಚು. ಏಣಿಯ ಉದ್ದವೂ ಅದೇ ದಿಕ್ಕಿಗೆ ಬರುತ್ತದೆ. ಒಂದು ಜಾಯಿಸ್ಟ್ ಕತ್ತರಿಸಲೇಬೇಕು. ಎಷ್ಟು ಉದ್ದ ಕತ್ತರಿಸಲಿ? ಕತ್ತರಿಸಿದ ತುದಿಗಳಿಗೆ ಕೊಡುವ ಅಡ್ಡಮರ, ಅಂದರೆ ಹೆಡರ್, ಒಂದೊಂದು ಸಾಕೋ, ಜೋಡಿ ಬೇಕೋ?

ಉಳಿಬಾಚಿ:
ಮೊದಲು ಅಟ್ಟ ಹತ್ತಿ ನೋಡಿ. ಟ್ರಸ್ (ಮರಗಳನ್ನು ತ್ರಿಕೋನವಾಗಿ ಜೋಡಿಸಿದ ಛಾವಣಿ ಚೌಕಟ್ಟು) ಆಗಿದ್ದರೆ ಗರಗಸ ಮುಟ್ಟಲೇಬೇಡಿ. ಅದರ ಕೆಳಗಿನ ಮರ ಇಡೀ ಛಾವಣಿಯ ಎಳೆತ ಹಿಡಿದಿರುತ್ತದೆ, ಎಂಜಿನಿಯರ್ ಲೆಕ್ಕವಿಲ್ಲದೆ ಅದನ್ನು ಕತ್ತರಿಸುವ ಹಾಗಿಲ್ಲ. ರಾಫ್ಟರ್ (ಓರೆಯಾಗಿ ನಿಂತ ಛಾವಣಿ ಮರ) ಛಾವಣಿಯಾದರೂ ಜಾಯಿಸ್ಟ್ ಬರೀ ಸೀಲಿಂಗ್ ಹೊರುವುದಿಲ್ಲ. ಗೋಡೆಗಳು ಹೊರಕ್ಕೆ ಸರಿಯದಂತೆ ರಾಫ್ಟರುಗಳನ್ನು ಕಟ್ಟಿ ಹಿಡಿದಿರುತ್ತದೆ. ಛಾವಣಿಯಿಂದ ಇಳಿದ ಆಸರೆ ಕಂಬ ಕೂತಿರುವ ಜಾಯಿಸ್ಟನ್ನು ಆರಿಸಬೇಡಿ. ವೈರ್, ಪೈಪ್, ಡಕ್ಟ್ ಇವೆಯೇ ನೋಡಿ. ನಗರದ ಪರ್ಮಿಟ್ ಬೇಕೇ ಅಂತಲೂ ಮೊದಲೇ ಕೇಳಿಕೊಳ್ಳಿ.

ಈಗ ಲೆಕ್ಕ. 2×6 ಅಂದರೂ ನಿಜವಾದ ದಪ್ಪ 1½ ಇಂಚು. ಜೋಡಿ ಹೆಡರ್ 3 ಇಂಚು, ಎರಡು ತುದಿಗೆ 6. ಹಾಗಾಗಿ ಕತ್ತರಿಸಿದ ತುದಿಗಳ ನಡುವೆ 60 ಇಂಚು ಇರಬೇಕು, 54 ಅಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ಡ್ರೈವಾಲನ್ನು (ಸೀಲಿಂಗಿನ ಜಿಪ್ಸಂ ಹಲಗೆ) ಮಾತ್ರ 22½ × 54ಕ್ಕೇ ಕತ್ತರಿಸಿ. ಉಳಿದ ಮೂರು ಮೂರು ಇಂಚು ಜಾಯಿಸ್ಟನ್ನು ಮೇಲಿನಿಂದಲೇ ಬಿಡಿಸಬೇಕು, ಅದರೊಳಗೆ ಸ್ಕ್ರೂ ಇದ್ದರೆ ಅದನ್ನೂ ತುಂಡರಿಸಿ.

ನಡುವಿನ ಜಾಯಿಸ್ಟ್ ಹೋದ ಮೇಲೆ ಅಕ್ಕಪಕ್ಕದ ಎರಡರ ನಡುವೆ 30½ ಇಂಚು ಸಿಗುತ್ತದೆ. ಹೆಡರ್ ಅಷ್ಟೇ ಉದ್ದ. ನಿಮಗೆ ಬೇಕಾದದ್ದು 22½, ಆದ್ದರಿಂದ ಎರಡು ಹೆಡರುಗಳ ನಡುವೆ 54 ಇಂಚಿನ ಒಂದು ತುಂಡು ಹಾಕಿ ಅಗಲ ಕಿರಿದು ಮಾಡಿ.

ತೊಲೆಕಂಬ:
ಕತ್ತರಿಸುವ ಮುಂಚೆ ಆಸರೆ ಕೊಡಿ. ಎರಡೂ ತುದಿಯಲ್ಲಿ, ಕತ್ತರಿಸುವ ಗೆರೆಯಿಂದ ಒಂದಡಿ ಆಚೆ, ಜಾಯಿಸ್ಟ್‌ಗಳ ಮೇಲೆ ಅಡ್ಡಲಾಗಿ ಒಂದು 2×6 ಇಟ್ಟು ಪ್ರತಿ ಜಾಯಿಸ್ಟಿಗೂ ಸ್ಕ್ರೂ ಹಾಕಿ. ಇಲ್ಲದಿದ್ದರೆ ಕತ್ತರಿಸಿದ ತುದಿ ಜಗ್ಗಿ ಸೀಲಿಂಗ್ ಬಿರುಕು ಬಿಡುತ್ತದೆ.

ಹೆಡರ್ ನಾಲ್ಕಡಿ ದಾಟದಿದ್ದರೆ ಅಮೆರಿಕದ ವಸತಿ ಕೋಡ್ ಒಂಟಿ ಹೆಡರಿಗೂ ಒಪ್ಪುತ್ತದೆ. ಆದರೂ ಜೋಡಿಯೇ ಹಾಕಿ. ಇಲ್ಲಿ ಹತ್ತಿಳಿಯುವ ಮನುಷ್ಯನ ಭಾರ ಬೀಳುತ್ತದೆ. ಪಕ್ಕದ ಜಾಯಿಸ್ಟ್‌ಗಳಿಗೂ ಹೊರಮುಖದಲ್ಲಿ ಇನ್ನೊಂದೊಂದು 2×6 ಜೋಡಿಸಿ. ಅದು ಗೋಡೆಯಿಂದ ಗೋಡೆಯವರೆಗೆ ಹೋಗಿ ಗೋಡೆಯ ಮೇಲೆ ಕೂರಲೇಬೇಕು. ಕಿಂಡಿಯಷ್ಟೇ ಉದ್ದದ ತುಂಡು ಜೋಡಿಸಿದರೆ ಭಾರ ಮತ್ತೆ ಹಳೇ ಜಾಯಿಸ್ಟಿನ ಮೇಲೇ ಬೀಳುತ್ತದೆ.

ಮೊಳೆ 3½ ಇಂಚಿನದು. ಹೆಡರಿನ ತುದಿಗಳಿಗೆ ಜೋಡಿ ಅಳತೆಯ ಜಾಯಿಸ್ಟ್ ಹ್ಯಾಂಗರ್ (ಮರದ ತುದಿ ಹಿಡಿಯುವ ಲೋಹದ ಪಟ್ಟಿ), ಕತ್ತರಿಸಿದ ಜಾಯಿಸ್ಟಿಗೆ ಒಂಟಿಯದು, ಅದಕ್ಕೆಂದೇ ಬರುವ ಮೊಳೆ. ಡ್ರೈವಾಲ್ ಸ್ಕ್ರೂ ಬೇಡವೇ ಬೇಡ, ಭಾರಕ್ಕೆ ಪಟ್ಟನೆ ಮುರಿಯುತ್ತದೆ.

ಸುತ್ತಿಗೆಮೊಳೆ:
ಬಹಳ ಉಪಕಾರವಾಯ್ತು. ಮೂಲೆಮಟ್ಟ ನೋಡೋಕೆ ಅಷ್ಟು ದೊಡ್ಡ ಮಟ್ಟಗೋಲು ನನ್ನ ಹತ್ತಿರ ಇಲ್ಲ. ಏಣಿಯ ಕಾಲು ಯಾವಾಗ ಕತ್ತರಿಸಬೇಕು?

ಉಳಿಬಾಚಿ:
ಟೇಪ್ ಸಾಕು. 22½ × 54 ಕಿಂಡಿಯ ಕರ್ಣ ಸರಿಯಾಗಿ 58½ ಇಂಚು. ಎರಡೂ ಕರ್ಣ ಅಷ್ಟೇ ಬಂದರೆ ಮೂಲೆ ನೇರ. ಏಣಿಯ ಪೆಟ್ಟಿಗೆ (ಅದರ ಸುತ್ತಿನ ಮರದ ಚೌಕಟ್ಟು) ಕೂರಿಸುವಾಗ ಹಿಂಜಿನ ಹಿಂದೆ ಮರದ ಚಕ್ಕೆ ಕೊಟ್ಟು ಬಿಗಿ ಮಾಡಿ, ಇಲ್ಲದಿದ್ದರೆ ಲ್ಯಾಗ್ ಸ್ಕ್ರೂ (ಮರಕ್ಕೆ ಹಾಕುವ ದಪ್ಪ ಸ್ಕ್ರೂ) ಎಳೆದು ಪೆಟ್ಟಿಗೆಯೇ ಸೊಟ್ಟಗಾಗುತ್ತದೆ.

ಕಾಲು ಕೊನೆಗೆ, ಪೆಟ್ಟಿಗೆ ಪೂರ್ತಿ ಭದ್ರವಾದ ಮೇಲೆ. ಮೇಲಿನ ಎರಡು ಭಾಗ ನೇರಕ್ಕೆ ಚಾಚಿ, ಮೂರನೆಯದನ್ನು ಹಿಂದಕ್ಕೆ ಮಡಚಿಟ್ಟು, ಎರಡನೇ ಭಾಗದ ತುದಿಯಿಂದ ನೆಲದವರೆಗೆ ಮುಂದಿನ ಅಂಚು, ಹಿಂದಿನ ಅಂಚು ಬೇರೆ ಬೇರೆ ಅಳೆಯಿರಿ. ಏಣಿ ಓರೆಯಾಗಿರುವುದರಿಂದ ಎರಡೂ ಒಂದೇ ಆಗಿರುವುದಿಲ್ಲ. ಎರಡೂ ಕಾಲನ್ನು ಪ್ರತ್ಯೇಕ ಅಳೆಯಿರಿ, ನೆಲ ಸಮ ಇರುತ್ತದೆ ಅಂತ ನಂಬಬೇಡಿ. ಗಿಡ್ಡವಾದರೆ ಸಂದು ಬಾಯಿಬಿಟ್ಟು ಭಾರವೆಲ್ಲ ಹಿಂಜಿನ ಮೇಲೆ ಬೀಳುತ್ತದೆ. ಉದ್ದವಾದರೆ ಸಂದುಗಳು ನೇರಕ್ಕೆ ಕೂರುವುದಿಲ್ಲ.

ತೊಲೆಕಂಬ:
ಟೆಕ್ಸಾಸ್ ಬಿಸಿಲಿಗೆ ಇನ್ನೊಂದು ಕೆಲಸ ಇದೆ. ಕಿಂಡಿಯ ಸುತ್ತ, ಇನ್ಸುಲೇಷನ್ನಿಗಿಂತ (ಅಟ್ಟದಲ್ಲಿ ಹಾಸಿದ ಶಾಖ ತಡೆಯುವ ಪದರ) ಎತ್ತರಕ್ಕೆ ಹಲಗೆಯ ಕಟ್ಟೆ ಕಟ್ಟಿ, ಉದುರು ಇನ್ಸುಲೇಷನ್ ತಲೆ ಮೇಲೆ ಬೀಳುವುದಿಲ್ಲ. ಬಾಗಿಲಿನ ಅಂಚಿಗೆ ಗಾಳಿ ತಡೆಯುವ ಫೋಮ್ ಪಟ್ಟಿ, ಕಟ್ಟೆಯ ಮೇಲೆ ಇನ್ಸುಲೇಷನ್ ಮುಚ್ಚಳ.