ವಿಂಚೆಸ್ಟರ್ 1885: ಹೊಳೆಯುವುದನ್ನು ಕೊಳ್ಳಲೋ, ಕಂದಿದ್ದನ್ನೋ?

ಪ್ರಶ್ನೆ:
ಒಂದು ಸಲಕ್ಕೆ ಒಂದೇ ಗುಂಡು ತುಂಬುವ ಹಳೆಯ ಅಮೆರಿಕನ್ ಸಿಂಗಲ್ ಶಾಟ್ ರೈಫಲ್‌ಗಳ ಸಂಗ್ರಹಕ್ಕೆ ಈಗಷ್ಟೇ ಕೈ ಹಾಕಿದ್ದೇನೆ. ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದು ಆಮೇಲೆ ವಿಂಚೆಸ್ಟರ್ ಕಂಪನಿಗೆ ಮಾರಿದ ವಿನ್ಯಾಸದ, 1885ರ ಮಾದರಿಯ ಎರಡು ಹೈ ವಾಲ್ (ಗುಂಡು ತುಂಬುವ ಭಾಗದ ಪಕ್ಕಗೋಡೆ ಎತ್ತರವಿರುವ) ರೈಫಲ್‌ಗಳನ್ನು ನೋಡಿ ಬಂದೆ. ಒಂದರ ನಳಿಗೆ ಕಪ್ಪುನೀಲಿಯಾಗಿ ಹೊಳೆಯುತ್ತಿದೆ. ಇನ್ನೊಂದರ ಲೋಹ ಕಂದುಬಣ್ಣಕ್ಕೆ ತಿರುಗಿದ್ದು, ಮರದ ಮೇಲೆ ಗೀರುಗಳಿವೆ. ಬೆಲೆ ಎರಡಕ್ಕೂ ಒಂದೇ. ಯಾವುದನ್ನು ಕೊಳ್ಳುವುದು ಸೂಕ್ತ?

ಮೊದಲ ಉತ್ತರ:
ಕಂದಿದ್ದನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ; ಇಷ್ಟು ಹಳೆಯ ನಳಿಗೆ ಹೊಳೆಯುತ್ತಿದ್ದರೆ ಅದನ್ನು ಮರುಪಾಲಿಶ್ ಮಾಡಿರಬಹುದು. ಆದರೂ ಮೊದಲು ಎರಡನ್ನೂ ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಿ. ಎಂಟು ಪಟ್ಟಿಯ ನಳಿಗೆಯಾದರೆ ಅದರ ಅಂಚುಗಳು ಬೆರಳಿಗೆ ಚೂಪಾಗಿ ತಾಗಬೇಕು. ಮರುಪಾಲಿಶ್ ಮಾಡಿದವರು ಪಾಲಿಶ್ ಚಕ್ರಕ್ಕೆ ಒತ್ತಿ ಹಿಡಿದಿದ್ದರೆ ಆ ಅಂಚುಗಳು ದುಂಡಗಾಗಿರುತ್ತವೆ, ಅಚ್ಚೊತ್ತಿದ ಅಕ್ಷರಗಳು ತೆಳುವಾಗಿರುತ್ತವೆ, ಸ್ಕ್ರೂ ಕೂರುವ ರಂಧ್ರದ ಸುತ್ತ ಸಣ್ಣ ತಗ್ಗು ಬಿದ್ದಿರುತ್ತದೆ. ಒಮ್ಮೆ ಉಜ್ಜಿ ತೆಗೆದ ಲೋಹವನ್ನು ಯಾರೂ ಮರಳಿ ತಂದುಕೊಡಲಾರರು. ನಳಿಗೆಯ ಕೆಳಗಿನ ಮರವನ್ನು ಕಳಚಿ ನೋಡಲು ಅನುಮತಿ ಕೇಳಿ: ಬಿಸಿಲೂ ಕೈಬೆವರೂ ತಾಗದ ಆ ಜಾಗದಲ್ಲಿ ಕಾರ್ಖಾನೆಯ ಮೂಲ ಬಣ್ಣ ಉಳಿದಿರುವ ಸಾಧ್ಯತೆ ಹೆಚ್ಚು. ವಿಂಚೆಸ್ಟರ್‌ನ ಹಳೆಯ ದಾಖಲೆಗಳು ವಯೋಮಿಂಗ್‌ನ ಕೋಡಿಯಲ್ಲಿರುವ ಬಂದೂಕು ಸಂಗ್ರಹಾಲಯದಲ್ಲಿವೆ. ರೈಫಲ್ ತಯಾರಾದಾಗ ಹೇಗಿತ್ತೆಂದು ಕ್ರಮಸಂಖ್ಯೆ ಕೊಟ್ಟು ವಿಚಾರಿಸಿ.

ಎರಡನೆಯ ಉತ್ತರ:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮೂಲದ್ದೆಲ್ಲ ಶ್ರೇಷ್ಠ, ಬದಲಾಯಿಸಿದ್ದೆಲ್ಲ ಕನಿಷ್ಠ ಎಂಬ ನಿಯಮ ಈ ರೈಫಲ್‌ಗಳಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಜರ್ಮನ್ ಮೂಲದ ಅಮೆರಿಕನ್ನರು ಬೆಳೆಸಿದ ಶ್ಯೂಟ್ಸನ್ ಸ್ಪರ್ಧೆಗಳಲ್ಲಿ 200 ಗಜ ದೂರದ ಗುರಿಗೆ ನಿಂತೇ ಹೊಡೆಯುತ್ತಿದ್ದವರು ತಮ್ಮ ಬಲ್ಲಾರ್ಡ್, ಸ್ಟೀವನ್ಸ್, ವಿಂಚೆಸ್ಟರ್ ರೈಫಲ್‌ಗಳಿಗೆ ಹೆಸರಾಂತ ನಳಿಗೆ ತಯಾರಕ ಹ್ಯಾರಿ ಪೋಪ್ ತಯಾರಿಸಿದ ನಳಿಗೆಯನ್ನು ಹಾಕಿಸಿಕೊಳ್ಳುತ್ತಿದ್ದರು. ಅಂಥ ನಳಿಗೆ ಕಾರ್ಖಾನೆಯದಲ್ಲದಿದ್ದರೂ ಸಂಗ್ರಾಹಕರು ಅದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಪೋಪ್ ಪದ್ಧತಿಯಲ್ಲಿ ನಳಿಗೆಯ ತುದಿಗೆ ನಳಿಗೆಯ ಬಾಯಿಯಂತೆಯೇ ಇರುವ ಬಿಡಿ ತುಂಡೊಂದನ್ನು (ಹುಸಿಬಾಯಿ) ಕೂರಿಸಿ, ಅದರ ಮೂಲಕ ಸೀಸದ ಗುಂಡನ್ನು ಮುಂದಿನಿಂದ ಕೆಳಕ್ಕೆ ತಳ್ಳಿ, ಮದ್ದು ತುಂಬಿದ ಕಾಡತೂಸಿನ ಕವಚವನ್ನು ಮಾತ್ರ ಹಿಂದಿನಿಂದ ಸೇರಿಸುತ್ತಿದ್ದರು. ಆ ನಳಿಗೆಗೆಂದೇ ಮಾಡಿದ ಹುಸಿಬಾಯಿ ಕಳೆದುಹೋಗಿದ್ದರೆ ಬಹಳ ನಷ್ಟ. ಆದ್ದರಿಂದ ನಳಿಗೆಯ ಮೇಲೆ ಯಾರ ಹೆಸರಿದೆ ಎಂದು ಓದದೆ ಯಾವುದನ್ನೂ ಬದಿಗಿಡಬೇಡಿ.

ಮೂರನೆಯ ಉತ್ತರ:
ತಯಾರಾದ ವರ್ಷವನ್ನು ಗಮನಿಸಿ. ಅಮೆರಿಕದ 1968ರ ಒಕ್ಕೂಟ ಕಾನೂನಿನಂತೆ 1898ರವರೆಗೆ ತಯಾರಾದ ಬಂದೂಕು ಪುರಾತನ ವಸ್ತುವೆನಿಸುತ್ತದೆ. ಈ ಮಾದರಿ ಅದರ ನಂತರವೂ ಬಹಳ ವರ್ಷ ತಯಾರಾಯಿತು. ರಾಜ್ಯಗಳ ಕಾನೂನುಗಳೂ ಬೇರೆಬೇರೆ. ಕಪ್ಪುಮದ್ದಿನ ಕಾಲದ ರೈಫಲ್‌ಗೆ ಇಂದಿನ ಹೊಗೆರಹಿತ ಮದ್ದಿನ ಬಿರುಸಾದ ಕಾಡತೂಸನ್ನು ದಯವಿಟ್ಟು ಹಾಕಬೇಡಿ.

ಪ್ರಶ್ನೆ ಕೇಳಿದವರು:
ಮತ್ತೆ ಹೋಗಿ ನೋಡಿದೆ. ಹೊಳೆಯುವ ನಳಿಗೆಯ ಮೇಲೆ ವಿಂಚೆಸ್ಟರ್ ಹೆಸರು ಅರ್ಧ ಅಳಿಸಿದೆ. ಕಂದಿದ್ದರಲ್ಲಿ ಪ್ರತಿ ಅಕ್ಷರವೂ ಸ್ಪಷ್ಟ, ಮರದ ಕೆಳಗೆ ಅಂಗೈಯಗಲದಷ್ಟು ನೀಲಿ ಉಳಿದಿದೆ. ಅದಕ್ಕೇ ಮುಂಗಡ ಕೊಟ್ಟು, ಕ್ರಮಸಂಖ್ಯೆಯನ್ನು ಕೋಡಿಗೆ ಬರೆದು ಕಳುಹಿಸಿದ್ದೇನೆ.